ಒಂದು ಚೊಂಬು ಹಿಮ

ಮಕ್ಕಳೇ, ಈ ವಾರ ನಿಮ್ಮ ಅಜ್ಜಿ ಬರೆಯುತ್ತಿರುವುದು ಅಮೆರಿಕದ ಮಿನಿಯಾಪೊಲಿಸ್‌ನಿಂದ, ಮಗಳ ಮನೆಯಿಂದ. ಡಿಸೆಂಬರ್ ಕೊನೆಯ ರಜೆ. ಸಂಜೆ 4.30ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಬಂದು 8 ದಿನವಾದರೂ ನಾನು ಹೊಸ್ತಿಲು ದಾಟಿರಲಿಲ್ಲ. ಜಾರಿ ಬಿದ್ದು ಸೊಂಟ ಮುರಿದುಕೊಂಡರೆ? ನನ್ನ ವಯಸ್ಸಿನವರಿಗೆ ಈ ಹೆದರಿಕೆ ಗೊತ್ತು.

5 ವರ್ಷದ ಮೊಮ್ಮಗ ಸ್ಟೀಲ್ ಚೊಂಬಿನ ತುಂಬ ಹಿಮ ತಂದ. "ಇದು ತಾತನಿಗೆ. ಮೈಸೂರಿಗೆ ತಗೊಂಡು ಹೋಗು." ಆಗಲಿ ಎಂದು ಅಡುಗೆಮನೆ ಕಟ್ಟೆಯ ಮೇಲಿಟ್ಟು ಮರೆತೆ. ಊಟದ ಹೊತ್ತಿಗೆ ತಳದಲ್ಲಿ ಒಂದು ಬೆರಳು ನೀರು.

"ನೀನೇ ಚೆಲ್ಲಿದೆ!" ಎಂದು ಅಳತೊಡಗಿದ.

ಚೆಲ್ಲಿರಲಿಲ್ಲ. ಹೊಸದಾಗಿ ಬಿದ್ದ ಹಿಮದಲ್ಲಿ ಬಹುಪಾಲು ಗಾಳಿಯೇ. ಸುಮಾರು 10 ಚೊಂಬು ಹಿಮ ಕರಗಿದರೆ ಒಂದು ಚೊಂಬು ನೀರು. ದೇವರ ಬತ್ತಿಯ ಹತ್ತಿಯನ್ನು ಅಂಗೈಯಲ್ಲಿ ಅದುಮಿ ತೋರಿಸಿದೆ. ನೋಡಿದ, ಅಳು ನಿಲ್ಲಲಿಲ್ಲ. ಒಯ್ಯಲಾಗದ್ದನ್ನು ಒಯ್ಯುತ್ತೇನೆ ಎಂದವಳು ನಾನಲ್ಲವೇ?

ಮಗಳ ಬೂಟು, ಎರಡು ಸ್ವೆಟರ್, ದಪ್ಪ ಕೋಟು, ಉಣ್ಣೆ ಟೋಪಿ ಹಾಕಿಕೊಂಡು ಹೊರಟೆ. ಮೊಮ್ಮಗ ಕೈ ಹಿಡಿದ. "ಪೆಂಗ್ವಿನ್ ಥರ ನಡಿ ಅಜ್ಜಿ, ಪುಟ್ಟ ಪುಟ್ಟ ಹೆಜ್ಜೆ." ಚೊಂಬು ತುಂಬಿದ ಮೇಲೆ ಉಂಡೆ ಕಟ್ಟಲು ಹೋದೆವು. ಕೊರೆಯುವ ಚಳಿಯ ಒಣ ಹಿಮ, ತುಪ್ಪ ಸಾಲದ ರವೆ ಉಂಡೆಯಂತೆ ಉದುರಿಹೋಯಿತು. ಇಬ್ಬರೂ ನಕ್ಕೆವು.

ರಾತ್ರಿ 8ಕ್ಕೆ ತಾತನಿಗೆ ವಿಡಿಯೊ ಕರೆ. ಮೈಸೂರಿನಲ್ಲಿ ಆಗ ಬೆಳಗಿನ 7.30. ಫ್ರೀಜರ್‌ನಿಂದ ಚೊಂಬು ಬಂತು. ಕಾಫಿ ಲೋಟ ಹಿಡಿದಿದ್ದ ತಾತ ಅದನ್ನು ನೋಡಿ, ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಹೊರಗೆ ಹೋಗಿದ್ದೆಯಾ?"