'ದೇಹೋಷ್ಣತೆ' ಎಂದು ಬರೆದವರು ನಾವೇ

ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಿಂದ ಬಂದ ತಾಯಿಯೊಬ್ಬರು ಇಲ್ಲಿ ಮುಂಬಯಿಯಲ್ಲಿ ಮೊದಲ ಕೀಮೋಥೆರಪಿ ಮುಗಿಸಿಕೊಂಡು ಡೊಂಬಿವಲಿಯ ಮಗನ ಮನೆಗೆ ಮರಳಿದರು. ಹತ್ತನೆಯ ದಿನ ಅವರಿಗೆ ಚಳಿ ಹಿಡಿಯಿತು, ಮೈ ಸುಡತೊಡಗಿತು. ಸೊಸೆ ಓದುಬರಹ ಬಲ್ಲವಳು. ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕನ್ನಡದ ಮಾಹಿತಿಪತ್ರವನ್ನು ತೆಗೆದು ನೋಡಿದಳು. 'ದೇಹೋಷ್ಣತೆಯಲ್ಲಿ ಏರಿಕೆ ಕಂಡುಬಂದಲ್ಲಿ ವೈದ್ಯರನ್ನು ಸಂಪರ್ಕಿಸತಕ್ಕದ್ದು' ಎಂದಿತ್ತು. ದೇಹಕ್ಕೆ ಉಷ್ಣವಾಗಿದೆ ಎಂದು ಆಕೆ ಅರ್ಥಮಾಡಿಕೊಂಡಳು. ಕೀಮೋ ಬಲು ಉಷ್ಣದ ಔಷಧ ಎಂದು ನೆರೆಯವರೂ ಹೇಳಿದ್ದರು. ಮಜ್ಜಿಗೆ ಕುಡಿಸಿದಳು, ಕಾಮಕಸ್ತೂರಿ ಬೀಜ ನೆನೆಸಿದ ನೀರು ಕೊಟ್ಟಳು, ಅಂಗಾಲಿಗೆ ಹರಳೆಣ್ಣೆ ತಿಕ್ಕಿದಳು. ವೈದ್ಯರನ್ನು ಕಾಣುವ ಸರದಿ ಹೇಗೂ ಮುಂದಿನ ವಾರ ಇತ್ತು. ಆಗ ಕೇಳಿದರಾಯಿತು ಎಂದುಕೊಂಡರು. ಮೂರನೆಯ ದಿನ ಆ ತಾಯಿಯನ್ನು ಎಚ್ಚರವಿಲ್ಲದ ಸ್ಥಿತಿಯಲ್ಲಿ ಟ್ಯಾಕ್ಸಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತರಬೇಕಾಯಿತು. ಆರು ದಿನ ತೀವ್ರ ನಿಗಾ ಘಟಕದಲ್ಲಿದ್ದು ಬದುಕಿ ಬಂದರು.

ಆ ಮಾಹಿತಿಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವರು ನಾವು, ಈ ಬಳಗದವರು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ, ತಪ್ಪು ಅದರದಲ್ಲ. ಕನ್ನಡದಲ್ಲಿ ಒಂದು ಹಾಳೆ ಇರಲಿ ಎಂದು ಅವರು ಕೇಳಿದ್ದರು, ನಾವು ಹೆಮ್ಮೆಯಿಂದ ಒಪ್ಪಿಕೊಂಡಿದ್ದೆವು. ಎರಡು ಸಂಜೆ ಕುಳಿತು ಅನುವಾದಿಸಿದೆವು. 'ಅಡ್ಡಪರಿಣಾಮ'ವೋ 'ಪಾರ್ಶ್ವಪರಿಣಾಮ'ವೋ ಎಂಬ ಚರ್ಚೆಗೆ ಒಂದು ಸಂಜೆ ಪೂರ್ತಿ ಹೋಯಿತು. ಆದರೆ 'ಜ್ವರ' ಎಂಬ ಪದವನ್ನು ಬಿಟ್ಟು 'ದೇಹೋಷ್ಣತೆ' ಎಂದು ಬರೆದಾಗ ನಮ್ಮಲ್ಲಿ ಒಬ್ಬರೂ ಕೈಯೆತ್ತಲಿಲ್ಲ. ಜ್ವರ ಎಂಬುದು ಆ ತಾಯಿ ಹುಟ್ಟಿನಿಂದ ಆಡುತ್ತ ಬಂದ ಮಾತು. ಅದನ್ನು ಅವರ ಬಾಯಿಂದ ಕಿತ್ತುಕೊಂಡು ಅದರ ಜಾಗದಲ್ಲಿ ನಮ್ಮ ಪಾಂಡಿತ್ಯವನ್ನು ಇಟ್ಟೆವು.

ಇಷ್ಟು ಕಟುವಾಗಿ ಬರೆಯಬೇಕೇ ಎಂದು ಬಳಗದ ಹಿರಿಯರೊಬ್ಬರು ಕೇಳಿದ್ದಾರೆ. ಬೇಕು. ಕೀಮೋ ಔಷಧಗಳು ವೇಗವಾಗಿ ವಿಭಜನೆಯಾಗುವ ಜೀವಕೋಶಗಳನ್ನು ಹೊಡೆಯುತ್ತವೆ. ಗಡ್ಡೆಯ ಕೋಶಗಳ ಜೊತೆಗೆ ಎಲುಬಿನ ಮಜ್ಜೆ, ಬಾಯಿ ಮತ್ತು ಕರುಳಿನ ಒಳಪದರ, ಕೂದಲಿನ ಬುಡ ಇವೂ ಆ ಹೊಡೆತಕ್ಕೆ ಸಿಗುತ್ತವೆ. ಮಜ್ಜೆ ಸೊರಗಿದಾಗ ಸೋಂಕನ್ನು ತಡೆಯುವ ಬಿಳಿ ರಕ್ತಕಣಗಳು ಇಳಿಯುತ್ತವೆ. ಬಹುಪಾಲು ಔಷಧಗಳಲ್ಲಿ ಹೀಗಾಗುವುದು ಸುಮಾರು ಏಳರಿಂದ ಹದಿನಾಲ್ಕನೆಯ ದಿನದ ನಡುವೆ. ಆಗ ಸೋಂಕು ತಗುಲಿದರೆ ಕೀವಿಲ್ಲ, ಬಾವಿಲ್ಲ, ಕೆಲವೊಮ್ಮೆ ಕೆಮ್ಮೂ ಇಲ್ಲ, ಜ್ವರವೊಂದೇ ಗುರುತು. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಸೇರಬೇಕೆಂಬುದು ವೈದ್ಯರು ತಮಗೆ ತಾವೇ ವಿಧಿಸಿಕೊಂಡಿರುವ ಗಡುವು. ಅಳೆಯದೆ, ಕೇಳದೆ ಪ್ಯಾರಾಸಿಟಮಾಲ್ ನುಂಗಿಸಿದರೆ ಇರುವ ಒಂದೇ ಗುರುತೂ ಮುಚ್ಚಿಹೋಗುತ್ತದೆ. ಇಡೀ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಇರಬೇಕಾಗಿದ್ದುದು ಇದೊಂದು ಮಾತು. ನಾವು ಅದನ್ನು ಎರಡನೆಯ ಪುಟದ ನಾಲ್ಕನೆಯ ವಾಕ್ಯದಲ್ಲಿ, ಅದೂ ಡಿಗ್ರಿಯ ಲೆಕ್ಕವೇ ಇಲ್ಲದೆ, ಹೂತಿಟ್ಟಿದ್ದೆವು.

ಹಾಳೆ ಸರಿಯಾಗಿದ್ದಿದ್ದರೂ ಅದು ಆ ತಾಯಿಯನ್ನು ತಲುಪುತ್ತಿತ್ತೇ ಎಂಬುದು ಬೇರೆ ಪ್ರಶ್ನೆ. ಉದ್ಯಾನ್ ಎಕ್ಸ್‌ಪ್ರೆಸ್ ಇಳಿದು ಬಂದ ದಿನವೇ ಮಗ ನಮ್ಮನ್ನು ಪಕ್ಕಕ್ಕೆ ಕರೆದು, "ಕಾಕಾ, ಅವ್ವಗ ಹೆಸರ ಹೇಳಬ್ಯಾಡ್ರಿ, ಗಡ್ಡಿ ಅದ, ಸಲಾಯಿನ್ ಹಚ್ಚತಾರ ಅಂತ ಹೇಳೀವಿ" ಎಂದಿದ್ದ. ನಾವು ತಲೆಯಾಡಿಸಿದೆವು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಬಾಗಿಲು ತೆರೆದಂದಿನಿಂದ ಕರ್ನಾಟಕದ ಉತ್ತರದ ಜಿಲ್ಲೆಗಳಿಗೆ ಮುಂಬಯಿ ಒಂದು ಆಸರೆ. ಕಲಬುರಗಿಗೆ ಬೆಂಗಳೂರೂ ಮುಂಬಯಿಯೂ ರೈಲಿನಲ್ಲಿ ಹೆಚ್ಚುಕಡಿಮೆ ಒಂದೇ ದೂರ. ಹಾಗೆ ಬರುವವರ ಜೊತೆ ದುಭಾಷಿಗಳಾಗಿ ಹೋಗುವ ನಮ್ಮಂಥವರು ಈ 'ಹೇಳಬ್ಯಾಡ್ರಿ'ಯನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಪ್ರತಿ ಸಲವೂ ಅದನ್ನು ಪ್ರೀತಿಯೆಂದು ತಿಳಿದು ಮೌನವಾಗಿ ಒಪ್ಪಿದ್ದೇವೆ.

ಅದು ಪ್ರೀತಿಯೇ, ಸಂದೇಹವಿಲ್ಲ. ಆದರೆ ಅದರ ಫಲವನ್ನು ನೋಡಬೇಕು. ಕಾಯಿಲೆಯ ಹೆಸರು ಹೇಳದಿದ್ದ ಮೇಲೆ ಔಷಧದ ಹೆಸರನ್ನೂ ಹೇಳುವಂತಿಲ್ಲ. ಔಷಧವನ್ನು ಹೇಳದಿದ್ದ ಮೇಲೆ ಅದು ಮಾಡುವುದನ್ನೂ ಹೇಳುವಂತಿಲ್ಲ. ಒಂದು ಸುಳ್ಳಿಗೆ ಕಾವಲಾಗಿ ಹತ್ತು ಮೌನಗಳು ನಿಲ್ಲುತ್ತವೆ. ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧ ಏರಿಸಿದರೆ ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ. ಅದು ಔಷಧದ ಬಣ್ಣ. ಹೇಳಿರದಿದ್ದುದರಿಂದ ಆ ತಾಯಿ ರಕ್ತ ಹೋಗುತ್ತಿದೆಯೆಂದು ತಿಳಿದು, ಮಗನಿಗೆ ಹೇಳಲು ನಾಚಿ, ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ನೀರು ಹೆಚ್ಚು ಕುಡಿಯಬೇಕಾದ ದಿನಗಳಲ್ಲಿ! ಇನ್ನು ಗುಟ್ಟು ಉಳಿಯಿತೇ? ಕೂದಲಿಲ್ಲದ ಮೂವತ್ತು ಜನರ ನಡುವೆ ಬೆಳಗಿನಿಂದ ಸಂಜೆಯವರೆಗೆ ಕುಳಿತ ಹೆಂಗಸಿಗೆ ಅದು ಯಾವ ವಾರ್ಡು ಎಂದು ತಿಳಿಯದೇ? ಅವರಿಗೆ ಗೊತ್ತಿತ್ತು. ಗೊತ್ತಿದೆಯೆಂಬುದನ್ನು ಮಗನಿಂದ ಮುಚ್ಚಿಟ್ಟಿದ್ದರು, ಅಷ್ಟೆ.

'ಹೇಳಿದರೆ ಎದೆಯೊಡೆದುಕೊಳ್ಳುತ್ತಾರೆ' ಎನ್ನುವವರಿಗೆ ನಾವು ಎದುರುವಾದ ಹೂಡುವುದಿಲ್ಲ; ಹಾಗೆ ಕುಸಿದವರನ್ನೂ ಕಂಡಿದ್ದೇವೆ. ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕೆಂಬ ಹಟವೂ ನಮಗಿಲ್ಲ. ಎಷ್ಟು ತಿಳಿಯಬೇಕೆಂದು ಕಾಯಿಲೆಯವರನ್ನೇ ಒಮ್ಮೆ ಕೇಳಿ ಎಂಬುದಷ್ಟೇ ನಮ್ಮ ಒತ್ತಾಯ. 'ನಮ್ಮ ಹುಡುಗನಿಗೆ ಹೇಳಿ, ನನಗೆ ಬೇಡ' ಎಂದು ಅವರೇ ಅಂದರೆ ಅದು ಅವರ ತೀರ್ಮಾನ. ನಾವು ಕೇಳುವುದೇ ಇಲ್ಲ. ಅರವತ್ತು ವರ್ಷ ಸಂಸಾರ ತೂಗಿಸಿದ ಹೆಂಗಸನ್ನು ಕೂಸಿನಂತೆ ಕೂರಿಸಿ ಅವಳ ತಲೆಯ ಮೇಲಿಂದ ಹಿಂದಿಯಲ್ಲಿ ಮಾತಾಡಿಕೊಳ್ಳುತ್ತೇವೆ.

ಹೇಳದಿರುವುದರ ಇನ್ನೊಂದು ಮುಖ ಧೈರ್ಯದ ಮಾತು. ಆಸ್ಪತ್ರೆಗೆ ಬಂದವರೆಲ್ಲ ಅದನ್ನೇ ತರುತ್ತಾರೆ, ಹಣ್ಣಿನ ಜೊತೆಗೆ. ಹೋರಾಡಿ, ಗೆದ್ದೇ ಗೆಲ್ಲುತ್ತೀರಿ, ತಡೆದುಕೊಳ್ಳಿ. ಯುದ್ಧದ ಈ ಮಾತು ಕೀಮೋಗೆ ಹುಟ್ಟಿನಿಂದಲೇ ಅಂಟಿದ್ದು: 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಮೊದಲು ಪ್ರಯೋಗಿಸಿದ ನೈಟ್ರೋಜನ್ ಮಸ್ಟರ್ಡ್ ಯುದ್ಧದ ವಿಷಾನಿಲದ ಬಂಧು. ಕ್ಯಾನ್ಸರನ್ನು ಸುತ್ತಿಕೊಂಡ ಇಂಥ ರೂಪಕಗಳು ರೋಗಿಗೆ ಎಸಗುವ ಹಿಂಸೆಯನ್ನು ಸೂಸನ್ ಸೊಂಟಾಗ್ 1978ರಲ್ಲಿಯೇ ಪುಸ್ತಕವಾಗಿ ಬರೆದರು. ಆಕೆ ಸ್ವತಃ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು. ನಮ್ಮಲ್ಲಿ ಈ ರೂಪಕ ಇನ್ನೂ ಅಪಾಯಕರವಾಗುವುದು ಅದು ಹಳೆಯದೊಂದು ಬೋಧನೆಯ ಜೊತೆ ಸೇರಿಕೊಂಡಾಗ. ಹೆಣ್ಣಿಗೆ ಸೈರಣೆಯೇ ಭೂಷಣ ಎಂದು ನಾವು ಕಲಿಸಿದ್ದೇವೆ. ಕೆಲವು ಕೀಮೋ ಔಷಧಗಳು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಸುಡುತ್ತವೆ. ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ನೋವು, ಊತ ಕಂಡ ಕ್ಷಣವೇ ಕೂಗಿ ನರ್ಸನ್ನು ಕರೆಯಬೇಕು. ಆಗ ಔಷಧವನ್ನು ನಿಲ್ಲಿಸುತ್ತಾರೆ. 'ತಡೆದುಕೋ' ಎಂದು ಮೂರು ದಿನದಿಂದ ಕೇಳಿಸಿಕೊಂಡವಳು ಕೂಗುತ್ತಾಳೆಯೇ? ತುಟಿ ಕಚ್ಚಿ ಕೂರುತ್ತಾಳೆ. ವಾಕರಿಕೆಯ ವಿಷಯದಲ್ಲಿಯೂ ಹೀಗೆಯೇ. ಆ ಗುಳಿಗೆಗಳನ್ನು ಹೊಟ್ಟೆ ತೊಳಸುವ ಮೊದಲೇ, ಹೇಳಿದ ಹೊತ್ತಿಗೆ ನುಂಗಬೇಕು. ಸಿಸ್‌ಪ್ಲಾಟಿನ್‌ನಂಥ ಔಷಧಗಳಲ್ಲಿ ಎರಡನೆಯ, ಮೂರನೆಯ ದಿನವೂ ವಾಂತಿ ಕಾಡುತ್ತದೆ. 'ತಡೆಯಲಾಗದಾಗ ನುಂಗೋಣ' ಎಂದು ಕಾದವರ ಮೊದಲ ಸರದಿ ಕೆಟ್ಟರೆ, ಮುಂದಿನ ಸಲ ಆಸ್ಪತ್ರೆಯ ವಾಸನೆ ಮೂಗಿಗೆ ಬಡಿದೊಡನೆ, ಸೂಜಿ ಚುಚ್ಚುವ ಮೊದಲೇ, ಓಕರಿಕೆ ಶುರುವಾಗಬಹುದು. ಮೊದಲ ದಿನದ ಸಿದ್ಧತೆಗೆ ಇಷ್ಟು ಬೆಲೆ ಇರುವುದು ಇದಕ್ಕಾಗಿಯೇ.

ಆ ಸಿದ್ಧತೆ ದೊಡ್ಡದೇನೂ ಅಲ್ಲ. ಹಲ್ಲು ಹುಳುಕಾಗಿದ್ದರೆ ಮೊದಲೇ ತೋರಿಸಿಕೊಳ್ಳಬೇಕು. ಊರಿನಿಂದ ತಂದ ಕಷಾಯ, ಚೂರ್ಣ, ಸಕ್ಕರೆಕಾಯಿಲೆಯ ಗುಳಿಗೆ ಎಲ್ಲವನ್ನೂ ಚೀಲಸಮೇತ ವೈದ್ಯರ ಮುಂದೆ ಸುರಿಯಬೇಕು. ಬೇಡವೆನ್ನದಿದ್ದರೆ ಬೆಳಿಗ್ಗೆ ಹಗುರವಾಗಿ ಉಂಡು, ತೋಳು ಸಡಿಲವಾದ ಕುಪ್ಪಸ ತೊಟ್ಟು, ಹೊದೆಯಲು ಶಾಲು ಹಿಡಿದು ಹೋಗಬೇಕು. ಮಕ್ಕಳಾಗುವ ವಯಸ್ಸಿನವರು ಮುಂದಿನ ಸಂತಾನದ ಮಾತನ್ನು ಮೊದಲ ಕೀಮೋಗೆ ಮುನ್ನವೇ ಎತ್ತಬೇಕು, ಆಮೇಲೆ ತಡವಾಗುತ್ತದೆ. ರಾತ್ರಿ ಎರಡು ಗಂಟೆಗೂ ಎತ್ತುವ ಒಂದು ಫೋನ್ ನಂಬರು, ಮನೆಯಲ್ಲಿ ಒಂದು ಥರ್ಮಾಮೀಟರು. ನಮ್ಮ ಹಾಳೆಯಲ್ಲಿ ಈ ಕೊನೆಯದಕ್ಕೆ 'ತಾಪಮಾಪಕ' ಎಂದಿತ್ತು.

ಕೂದಲಿನ ಮಾತನ್ನು ಹಗುರವಾಗಿ ಆಡಬಾರದು. 'ಹೋದರೆ ಹೋಗಲಿ, ಮತ್ತೆ ಬರುತ್ತದೆ' ಎಂಬುದು ನಿಜ. ಎಲ್ಲ ಔಷಧಗಳಿಗೂ ಕೂದಲು ಉದುರುವುದಿಲ್ಲ. ಉದುರುವುದಾದರೆ ಎರಡು ಮೂರು ವಾರಕ್ಕೆ ಶುರುವಾಗಿ, ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಬರುತ್ತದೆ. ಆದರೆ 'ಫಣಿಯಮ್ಮ'ನನ್ನು ಓದಿದ ನಮಗೆ ಬೋಳುತಲೆಯ ಹೆಂಗಸು ಎಂದರೆ ಯಾವ ಚಿತ್ರ ಬರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಓದದವರ ಮನಸ್ಸಿನಲ್ಲಿಯೂ ಆ ಚಿತ್ರವಿದೆ. ಗಂಡ ಬದುಕಿರುವಾಗ ತಲೆ ಬೋಳಾಗುವ ಭಯವನ್ನು ಆ ತಾಯಿ ವೈದ್ಯರಿಗೆ ಹೇಳಲಾರರು, ನಮ್ಮಂಥ ಗಂಡಸು ದುಭಾಷಿಗಂತೂ ಹೇಳಲಾರರು. ಈ ಬಳಗದ ಮಹಿಳೆಯರು ವಾರ್ಡಿಗೆ ಬರಬೇಕೆಂದು ಕೇಳುವುದು ಇದಕ್ಕೆ. ಮೊದಲೇ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಳ್ಳುವ ಮಾತನ್ನು ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳುವುದೇ ಬೇರೆ.

ಪಥ್ಯದ ಹೆಸರಿನಲ್ಲಿ ನಡೆಯುವುದಕ್ಕೆ ಮಾತ್ರ ನಮ್ಮಲ್ಲಿ ತಾಳ್ಮೆಯಿಲ್ಲ. ಸಕ್ಕರೆ ತಿಂದರೆ ಗಡ್ಡೆ ಬೆಳೆಯುತ್ತದೆ, ಹಾಲು ಬೇಡ, ಅನ್ನ ಬೇಡ ಎಂದು ಫೋನಿನ ಸಂದೇಶಗಳನ್ನು ಓದಿ ತೂಕ ಇಳಿಸಿಕೊಂಡವರು ಚಿಕಿತ್ಸೆಯನ್ನೇ ತಾಳಲಾರದೆ ಹೋಗುತ್ತಾರೆ. ಬಾಯಿ ಹುಣ್ಣಾದವರಿಗೆ ಕಟಿರೊಟ್ಟಿ, ಕೆಂಪು ಖಾರ ಆಗದು. ನುಚ್ಚು, ಮೆತ್ತಗಿನ ಅನ್ನ, ಬೇಳೆಯ ಕಟ್ಟು, ಬೇಯಿಸಿದ ಮೊಟ್ಟೆ ಆದೀತು. ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರಿನಿಂದ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಬೇಕು. ಇಂಗ್ಲಿಷ್ ಔಷಧವೆಲ್ಲ ವಿಷ ಎನ್ನುವವರಿಗೆ ಒಂದು ಮಾತು: ಮಕ್ಕಳ ರಕ್ತಕ್ಯಾನ್ಸರಿಗೆ ಇಂದಿಗೂ ಕೊಡುವ ವಿನ್‌ಕ್ರಿಸ್ಟಿನ್ ಬಂದದ್ದು ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದ.

ನಮ್ಮ ಬಳಗದಲ್ಲಿ ಎದ್ದಿರುವ ಆಕ್ಷೇಪ ಇನ್ನೊಂದಿದೆ. ಇದು ವೈದ್ಯರ ಕೆಲಸ, ಸಾಹಿತ್ಯದ್ದಲ್ಲ ಎಂದು. ವೈದ್ಯರು ಮಾಡುತ್ತಿದ್ದಾರೆ, ಅವರ ಭಾಷೆಯಲ್ಲಿ. ಬೆರಳುಗಳಿಗೆ ಪ್ಯಾಕ್ಲಿಟ್ಯಾಕ್ಸೆಲ್ ಮಾಡುವ ಹಾನಿಯ ಬಗ್ಗೆ ವೈದ್ಯರು ವಿಚಾರಿಸಿದಾಗ, 'ಸ್ಪರ್ಶಜ್ಞಾನದಲ್ಲಿ ನ್ಯೂನತೆ ಇದೆಯೇ' ಎಂದು ನಮ್ಮವರೊಬ್ಬರು ಕನ್ನಡಿಸಿದರು. ಆಕೆ ಇಲ್ಲವೆಂದಳು. ಹೊರಗೆ ಬಂದು, "ಕೈ ಜುಮುಜುಮು ಅಂತಾವ್ರಿ, ಗುಂಡಿ ಹಾಕ್ಕೊಳಾಕ ಬರವಲ್ದು" ಎಂದಳು. ಜೋಮು, ಜುಮುಜುಮು, ಮರಗಟ್ಟುವುದು. ತೊಳಸುವುದು, ವಾಕರಿಕೆ, ಓಕರಿಕೆ, ವಾಂತಿ. ಮೈಯ ಸಂಕಟಕ್ಕೆ ಇಷ್ಟು ಸೂಕ್ಷ್ಮವಾದ ಮಾತುಗಳಿರುವ ಭಾಷೆ ನಮ್ಮದು. ಹೊರನಾಡಿನಲ್ಲಿ ಕನ್ನಡವನ್ನು ಉಳಿಸುತ್ತಿದ್ದೇವೆ ಎಂದು ವರ್ಷವರ್ಷವೂ ರಾಜ್ಯೋತ್ಸವದ ವೇದಿಕೆಯಿಂದ ಹೇಳುವ ನಾವು ಆ ಮಾತುಗಳನ್ನು ಗ್ರಾಮ್ಯವೆಂದು ಹೊರಗಿಟ್ಟೆವು.

ಆ ತಾಯಿಯ ಎರಡನೆಯ ಸರದಿ ತಡವಾಗಿ ಆಯಿತು. ಔಷಧದ ಪ್ರಮಾಣವನ್ನೂ ಇಳಿಸಬೇಕಾಯಿತು. ಹೊಸ ಹಾಳೆಯ ಕರಡು ಈಗ ಸಿದ್ಧವಾಗಿದೆ, ಒಂದೇ ಪುಟ. 'ಜ್ವರ ಬಂದರೆ ಕಾಯಬೇಡಿ. ಥರ್ಮಾಮೀಟರು 100.4 ತೋರಿಸಿದರೆ ಆಗಲೇ ಹೊರಡಿ' ಎಂದು ಶುರುವಾಗುತ್ತದೆ. 'ಥರ್ಮಾಮೀಟರು' ಕನ್ನಡವಲ್ಲ ಎಂದು ಇಬ್ಬರು ಸದಸ್ಯರು ಬರೆದು ತಿಳಿಸಿದ್ದಾರೆ. ಮುಂದಿನ ತಿಂಗಳ ಸಭೆಯಲ್ಲಿ ಕವಿತಾವಾಚನದ ಬದಲು ಆ ಕರಡನ್ನು ಗಟ್ಟಿಯಾಗಿ ಓದಲಿದ್ದೇವೆ. ಆ ಸೊಸೆ ಬರುತ್ತೇನೆಂದಿದ್ದಾಳೆ; ತಿದ್ದುವ ಪೆನ್ಸಿಲು ಅವಳ ಕೈಯಲ್ಲಿರುತ್ತದೆ.