ಕೀಲಿಮಣೆಯ ಕನ್ನಡ ಯಾರ ಹೊಣೆ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ಮುಗಿದುದರಿಂದ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ತಹಸೀಲ ಕಚೇರಿಯ ಸುತ್ತಣ ಟೈಪಿಂಗ್ ಅಂಗಡಿಗಳೂ ಆದಿತ್ಯನಗರ, ವಾಡಿ, ಶಹಾಬಾದಗಳ ಝೆರಾಕ್ಸ್ ಅಂಗಡಿಗಳೂ ಇಂದಲ್ಲ ನಾಳೆ ವಿಂಡೋಸ್ 11ಕ್ಕೆ ಸಾಗಲೇಬೇಕಾಗಿದೆ. ಹೀಗೆ ಸಾಗಿದ ಗಣಕದಲ್ಲಿ ಮೊದಲು ಮುಗ್ಗರಿಸುವುದು ಪ್ರಾಯಶಃ ಕನ್ನಡವೇ. ವಾರಸಾ ಅರ್ಜಿ ಬರೆಯಿಸಲು ಬಂದ ರೈತನು ಬೆಂಚಿನ ಮೇಲೆ ಕಾದು ಕುಳಿತಿರುವಾಗ, "ಕೀ ಬೀಳವಲ್ದು" ಎಂದು ಚಡಪಡಿಸುವ ಆಪರೇಟರನಿಗೆ ದೊರೆಯುವ ಉಪದೇಶ ಒಂದೇ: ಫಾರ್ಮ್ಯಾಟ್ ಹೊಡೆದು ಹಳೆಯದನ್ನೇ ಹಾಕು.

ರೋಗವನ್ನರಿಯದೆ ಕೊಡುವ ಈ ಮದ್ದನ್ನು ನಾನು ಒಪ್ಪಲಾರೆ. ಕೆ. ಪಿ. ರಾಯರ ಕಲ್ಪನೆಯಿಂದ ಬಂದು, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಮನೆಮಾತಾದ ಕಗಪ ಕೀಲಿಮಣೆ ವಿನ್ಯಾಸದಲ್ಲಿ 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳು ಸಾಕು; ನಡುವಣ ಎಫ್ ಮುಂದಿನ ವ್ಯಂಜನವನ್ನು ಒತ್ತಾಗಿಸುತ್ತದೆ. ಆದರೆ ಹಳೆಯ ಕನ್ನಡ ತಂತ್ರಾಂಶಗಳಲ್ಲಿ ಹಲವು, ಒತ್ತಿದ ಕೀಲಿಯ ಸುದ್ದಿಯು ವರ್ಡ್ ಮೊದಲಾದವನ್ನು ಮುಟ್ಟುವ ಮುನ್ನವೇ ದಾರಿಯಲ್ಲಿ ಕೊಕ್ಕೆ ಹಾಕಿ ಹಿಡಿದು, ಇಂಗ್ಲಿಷ್ ಅಕ್ಷರವನ್ನು ತಡೆದು, ಬೇಕಾದಲ್ಲಿ ಬ್ಯಾಕ್‌ಸ್ಪೇಸ್ ಕಳುಹಿ ಹಿಂದಿನದನ್ನು ಅಳಿಸಿ, ಕನ್ನಡದ ರೂಪವನ್ನು ಅಲ್ಲಿ ಇರಿಸತಕ್ಕಂಥವು. ಗುಪ್ತಪದಗಳನ್ನು ಕದಿಯುವ ದುಷ್ಟ ತಂತ್ರಾಂಶವೂ ಇದೇ ಉಪಾಯವನ್ನು ಅವಲಂಬಿಸುವುದರಿಂದ ಈ ದಾರಿಯ ಮೇಲೆ ಕಾವಲು ಬಿಗಿಯಾಗುತ್ತ ಬಂದಿದೆ. 2007ರ ವಿಂಡೋಸ್ ವಿಸ್ತಾದಿಂದ ಮೊದಲ್ಗೊಂಡು, ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆದ ಪ್ರೋಗ್ರಾಮಿಗೆ ಸಾಮಾನ್ಯ ಅಧಿಕಾರದ ಪ್ರೋಗ್ರಾಮು ಕೀಲಿಯನ್ನು ಕಳುಹಲಾರದು. 32 ಬಿಟ್ಟಿನ ಕೊಕ್ಕೆಯ ಕಡತವು 64 ಬಿಟ್ಟಿನ ಪ್ರೋಗ್ರಾಮಿನೊಳಗೆ ಹೊಗಲಾರದು. ವಿಂಡೋಸ್ 11 ಅಂತೂ 64 ಬಿಟ್ಟಿನದು ಮಾತ್ರವೇ.

ಆದಕಾರಣ ಫಾರ್ಮ್ಯಾಟಿಗೆ ಕೈಯಿಡುವ ಮೊದಲು ನೋಟ್‌ಪ್ಯಾಡ್ ತೆರೆದು ನೋಡಬೇಕು. ಅಲ್ಲಿ ಕನ್ನಡ ಮೂಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ವರ್ಡ್‌ನಲ್ಲಿ ಮೂಡದಿದ್ದರೆ ದೋಷವು ಅಧಿಕಾರದ್ದು. ಎಲ್ಲಿಯೂ ಮೂಡದಿದ್ದರೆ ಆಂಟಿವೈರಸ್ಸು ಕನ್ನಡ ತಂತ್ರಾಂಶವನ್ನು ತಡೆದಿದೆಯೇ ಎಂದು ಪರೀಕ್ಷಿಸಬೇಕು. ಕೀಲಿಗಳು ಸರಿಯಾಗಿದ್ದು ಹಳೆಯ ಕಡತ ಮಾತ್ರ ರೋಮನ್ ಚಿಹ್ನೆಗಳ ಗೋಜಲಾಗಿ ಕಂಡರೆ, ಅದು ಯೂನಿಕೋಡ್ ಅಲ್ಲದ ಫಾಂಟಿನ ಅಭಾವವೇ ಹೊರತು ಕೀಲಿಮಣೆಯ ದೋಷವಲ್ಲ. ಫಾರ್ಮ್ಯಾಟ್ ಹೊಡೆದರೆ ಉಳಿದ ಫಾಂಟುಗಳೂ ಹೋದಾವು.

ಇಷ್ಟಾದರೂ ಇದು ತಾತ್ಕಾಲಿಕ ಶಮನ. ಲಿನಕ್ಸಿನಲ್ಲಿ ಇದೇ ಕಗಪ ವಿನ್ಯಾಸವು ವ್ಯವಸ್ಥೆಯ ಕೀಲಿಮಣೆಪಟ್ಟಿಯೊಳಗೇ ಸ್ಥಾನ ಪಡೆದಿರುವುದರಿಂದ ಅಲ್ಲಿ ಕೊಕ್ಕೆಯ ಅಗತ್ಯವೇ ಇಲ್ಲ. ವಿಂಡೋಸ್ 10ಕ್ಕೆ 2019ರಲ್ಲಿ ಬಂದ ಕನ್ನಡ ಫೋನೆಟಿಕ್ ಕೀಲಿಮಣೆ ಉಪಯುಕ್ತವೇ ಆದರೂ, ವರ್ಷಗಟ್ಟಲೆ ಕಗಪಕ್ಕೆ ಪಳಗಿದ ಬೆರಳುಗಳಿಗೆ ಅದು ಒಗ್ಗದು. ವಿಂಡೋಸಿನಲ್ಲಿಯೂ ಭಾಷಾಪಟ್ಟಿಯೊಳಗೆ ನೆಲೆನಿಂತು ಕೆಲಸಮಾಡಲು ಟೆಕ್ಸ್ಟ್ ಸರ್ವಿಸಸ್ ಫ್ರೇಮ್‌ವರ್ಕ್ ಎಂಬ ವಿಹಿತ ಮಾರ್ಗವು ಎಕ್ಸ್‌ಪಿಯ ಕಾಲದಿಂದಲೇ ಇದೆ. ಆ ಮಾರ್ಗದಲ್ಲಿ ಕಗಪವನ್ನು ಯೂನಿಕೋಡಿನಲ್ಲಿ ಕಟ್ಟಿ, ಅದರ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟು, ವಿಂಡೋಸಿನ ಪ್ರತಿಯೊಂದು ಹೊಸ ಆವೃತ್ತಿಯೂ ಪರೀಕ್ಷಕರಿಗೆ ದೊರೆತ ಕೂಡಲೇ ಪರಿಶೀಲಿಸುವ ಕಾರ್ಯಕ್ಕೆ ಶಾಶ್ವತವಾದ ವೆಚ್ಚವನ್ನೂ ಸಿಬ್ಬಂದಿಯನ್ನೂ ಒದಗಿಸುವುದು ರಾಜ್ಯದ ಕರ್ತವ್ಯ. ಒಮ್ಮೆ ತಂತ್ರಾಂಶವನ್ನು ಬಿಡುಗಡೆ ಮಾಡಿ ಕೈತೊಳೆದುಕೊಂಡರೆ ಆಡಳಿತಭಾಷೆ ಉಳಿಯದು. ಆದಿತ್ಯನಗರದ ನೆರೆಯ ಮಳಖೇಡದಿಂದ ಆಳಿದ ನೃಪತುಂಗನ ಆಶ್ರಯದಲ್ಲಿ ಕವಿರಾಜಮಾರ್ಗ ರಚಿತವಾಯಿತು. ಕನ್ನಡದ ಬರವಣಿಗೆಗೆ ರಾಜ್ಯಾಶ್ರಯವು ಈ ನೆಲಕ್ಕೆ ಹೊಸತಲ್ಲ.

ಸರ್ಕಾರವು ಮುಂದಿನ ಮುಂಗಡಪತ್ರದಲ್ಲಿಯೇ ಈ ಕಾರ್ಯಕ್ಕೆ ಹಣವನ್ನು ತೆಗೆದಿರಿಸಲಿ. ಅಲ್ಲಿಯವರೆಗೆ ತಾಲ್ಲೂಕು ಕಚೇರಿಗಳ ಗಣಕಗಳಿಗೆ ಹೊಸ ವಿಂಡೋಸ್ ಹಾಕುವ ಮುನ್ನ, ಒಂದು ಗಣಕದಲ್ಲಾದರೂ ಕನ್ನಡದ ಒಂದು ಅರ್ಜಿಯನ್ನು ಪೂರ್ಣವಾಗಿ ಟೈಪ್ ಮಾಡಿ, ಮುದ್ರಿಸಿ ನೋಡುವಂತೆ ಜಿಲ್ಲಾಡಳಿತವು ಆಜ್ಞೆ ಹೊರಡಿಸಲಿ.