ತೆಳುಗಾಳಿಯ ಪರೀಕ್ಷೆ

2020 ರಲ್ಲಿ ಕೇಂದ್ರ ಸರ್ಕಾರವು ಅಂತರಿಕ್ಷೋದ್ಯಮದ ಬಾಗಿಲನ್ನು ಖಾಸಗಿಯವರಿಗೆ ತೆರೆದ ಮೇಲೆ, ರಾಕೆಟ್ಟು ಉಪಗ್ರಹಗಳ ವಿದ್ಯುದುಪಕರಣಗಳನ್ನು ನಿರ್ಮಿಸಲು ನಮ್ಮವರು ಮುಂದೆ ಬಂದಿರುವುದು ಸಂತೋಷದ ಸಂಗತಿ. ಈ ಉದ್ಯಮಕ್ಕೆ ಬೆಂಗಳೂರು ತವರುಮನೆಯಾಗಿರುವುದು ಕನ್ನಡಿಗರಿಗೆ ಅಭಿಮಾನದ ವಿಷಯ. ಆದರೆ ನೆಲದ ಮೇಲೆ ನಿರ್ದೋಷವೆನಿಸಿದ ಯಂತ್ರವು ಮುಗಿಲಿನಾಚೆ ಕಿಡಿ ಕಾರಿ ಕೆಡಬಹುದೆಂಬುದನ್ನು ಬಹುಮಂದಿ ಅರಿಯರು.

ಸಮುದ್ರಮಟ್ಟದ ಗಾಳಿಯಲ್ಲಿ ಒಂದು ಸೆಂಟಿಮೀಟರು ಅಂತರವನ್ನು ದಾಟಿ ಕಿಡಿ ಹಾರಲು ಸುಮಾರು 30,000 ವೋಲ್ಟು ಬೇಕು. ಗಾಳಿ ತೆಳುವಾದಂತೆ ಎಲೆಕ್ಟ್ರಾನುಗಳಿಗೆ ಓಡಲು ಎಡೆ ಹೆಚ್ಚಿ, ಅವು ವೇಗವೇರಿ ಅಣುಗಳಿಗೆ ಬಡಿದು ಮತ್ತಷ್ಟು ಎಲೆಕ್ಟ್ರಾನುಗಳನ್ನು ಕೀಳುತ್ತವೆ. ಸುಮಾರು 50 ಕಿಲೋಮೀಟರು ಎತ್ತರದಲ್ಲಿ ಅದೇ ಅಂತರಕ್ಕೆ 350 ವೋಲ್ಟಿನಷ್ಟೇ ಸಾಕಾದೀತು. ಇನ್ನೂ ಮೇಲೇರಿದರೆ ಬಡಿಯಲು ಅಣುಗಳೇ ವಿರಳವಾಗಿ ಗಾಳಿಯ ತಡೆ ಮರಳಿ ಬಲವಾಗುತ್ತದೆ. ಒತ್ತಡ ಮತ್ತು ಅಂತರಗಳ ಗುಣಲಬ್ಧವೇ ಇದನ್ನು ನಿರ್ಣಯಿಸುವುದೆಂದು ಜರ್ಮನಿಯ ಪಾಶೆನ್ ಎಂಬ ವಿದ್ವಾಂಸರು 1889 ರಲ್ಲಿಯೇ ತೋರಿಸಿಕೊಟ್ಟರು.

ರಾಕೆಟ್ಟು ಈ ಅಪಾಯದ ವಲಯವನ್ನು ದಾಟಿಯೇ ಶೂನ್ಯವನ್ನು ಸೇರಬೇಕು. ಸೇರಿದ ಮೇಲೂ ಪೆಟ್ಟಿಗೆಯೊಳಗೆ ಸಿಕ್ಕಿದ ಗಾಳಿ ಮೆಲ್ಲನೆ ಸೋರುತ್ತಿರುವಷ್ಟು ಕಾಲ ಭಯ ತಪ್ಪದು. ಮೊದಲು ಚೂಪಾದ ಅಂಚುಗಳಲ್ಲಿ ಮಂದಪ್ರಭೆ ಮೂಡಿ ರೇಡಿಯೋ ಸಂದೇಶವನ್ನು ಕೆಡಿಸುತ್ತದೆ. ಬಳಿಕ ನಿರೋಧಕ ಹೊದಿಕೆಯನ್ನು ಕೊರೆಯುತ್ತದೆ. ಕಡೆಗೆ ಉರಿಯಾಗಿ ಉಪಕರಣವನ್ನೇ ಸುಡುತ್ತದೆ. ಕೆಟ್ಟುದನ್ನು ಅಲ್ಲಿಗೆ ಹೋಗಿ ಸರಿಪಡಿಸುವವರಾರು?

ವಿಮಾನಗಳೂ ಇದಕ್ಕೆ ಹೊರತಲ್ಲ. ಹಿಂದಿನ 28 ವೋಲ್ಟಿನ ತಂತಿಗಳಿಗೆ ಈ ಭಯವಿರಲಿಲ್ಲ. ಸುಮಾರು 330 ವೋಲ್ಟಿಗೆ ಕಡಮೆಯಾದರೆ ಗಾಳಿಯಲ್ಲಿ ಇಂಥ ಕಿಡಿ ಹುಟ್ಟದು. ಆದರೆ 2011 ರಲ್ಲಿ ಸೇವೆಗೆ ಬಂದ ಬೋಯಿಂಗ್ 787 ವಿಮಾನದಲ್ಲಿ ಧನ ಋಣ 270 ವೋಲ್ಟು, ಎಂದರೆ 540 ವೋಲ್ಟು ವ್ಯತ್ಯಾಸದ ತಂತಿಗಳಿವೆ. ವಿದ್ಯುತ್ತಿನಿಂದಲೇ ಹಾರುವ ವಿಮಾನಗಳು ಇನ್ನೂ ಹೆಚ್ಚನ್ನು ಬೇಡುವುವು.

ಉಪಾಯಗಳು ಗೊತ್ತಿರತಕ್ಕವೇ: ಅಂಚುಗಳನ್ನು ದುಂಡಗೆ ಮಾಡುವುದು, ಗುಳ್ಳೆಯಿಲ್ಲದಂತೆ ರಾಳ ತುಂಬುವುದು, ಒಳಗಾಳಿ ಪೂರ್ತಿ ಹೋಗುವವರೆಗೆ ವಿದ್ಯುತ್ತನ್ನು ಹಾಯಿಸದಿರುವುದು. ಇವೆಲ್ಲ ಸರಿಯಾಗಿ ನಡೆದಿವೆಯೆಂಬುದಕ್ಕೆ ಸಾಕ್ಷಿ ಪರೀಕ್ಷೆಯೊಂದೇ. ನೆಲದಲ್ಲೊಮ್ಮೆ, ಪೂರ್ಣಶೂನ್ಯದಲ್ಲೊಮ್ಮೆ ನೋಡಿ ಮುದ್ರೆಯೊತ್ತಿದರೆ ಸಾಲದು. ನಡುವಣ ಒತ್ತಡಗಳಲ್ಲೆಲ್ಲ ಯಂತ್ರವನ್ನು ನಡೆಸಿ ನೋಡಬೇಕು. ಇದಕ್ಕೆ ಬೇಕಾದ ನಿರ್ವಾತಕೋಷ್ಠಗಳು ಸಣ್ಣ ಕಾರ್ಖಾನೆದಾರರ ಶಕ್ತಿಗೆ ಮೀರಿದವು. ಸರ್ಕಾರವು ಅವುಗಳನ್ನು ಇವರಿಗೆ ಅಲ್ಪಶುಲ್ಕದಲ್ಲಿ, ವಿಳಂಬವಿಲ್ಲದೆ ಒದಗಿಸಬೇಕು. ಕಡಮೆ ದರದ ಟೆಂಡರಿಗೆ ಮನಸೋತು ಈ ಪರೀಕ್ಷೆಯನ್ನು ಬಿಟ್ಟುಕೊಡುವ ಅಧಿಕಾರಿಯು ಉಳಿಸುವುದು ಕೆಲವು ರೂಪಾಯಿ; ಪಣಕ್ಕೊಡ್ಡುವುದು ದೇಶದ ಕೀರ್ತಿಯನ್ನು.